ಪುಕ್ಕದ ರಜಾಯಿ ಬೆಟ್ಟ ನೋಡಲು ಹೋದದ್ದು

ಕಾರ್ಲ್ಸ್‌ಟಾಲ್, ಉತ್ತರ ಡಕೋಟಾ
ಬೂದಿ ಬುಧವಾರ, 6 ಮಾರ್ಚ್ 1957

ಪ್ರೀತಿಯ ತಂಗಿ ಒಟೀಲಿಯಾ,

ಯೇಸುವಿಗೆ ಸ್ತುತಿಯಾಗಲಿ. ಇವತ್ತು ಉಪವಾಸ, ಒಂದೇ ಹೊತ್ತು ಊಟ. ಬೆಳಿಗ್ಗೆ ಹಾಲು ಕರೆದು, ಕೆನೆ ತೆಗೆದು, ಕೋಳಿಗಳಿಗೆ ಬಿಸಿನೀರು ಇಟ್ಟೆ. ತೊಟ್ಟಿಯ ನೀರು ಇನ್ನೂ ಕಲ್ಲಾಗುತ್ತಿದೆ. ಒಲೆಯ ಬೂದಿ ಹೊರಗೆ ಹಾಕಿ, ಇಗರ್ಜಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. "ಮನೇಲೇ ಇತ್ತಲ್ಲ ಬೂದಿ, ಅಷ್ಟು ದೂರ ಯಾಕೆ ಹೋದೆ?" ಅಂದರು ನಿನ್ನ ಭಾವ. ಉಪವಾಸದ ದಿನ ಇವರಿಗೆ ಹಾಸ್ಯ ಜಾಸ್ತಿ.

ಹೊಸ ಕಾರು ಬಂದಿದೆ. ಹಸಿರು ಬಣ್ಣದ್ದು. ದಿನಕ್ಕೆರಡು ಸಲ ಒರೆಸುತ್ತಾರೆ. ನನ್ನ ಮುಖವನ್ನಾದರೂ ಅಷ್ಟು ಸಲ ನೋಡಿಲ್ಲ. ಮದುವೆಯಾದ ಹೊಸದರಲ್ಲಿ ಇವರು ಒಂದು ಮಾತು ಕೊಟ್ಟಿದ್ದರು. ಒಂದು ಸಲ ಪಡುವಣ ದಿಕ್ಕಿನ ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತೇನೆ ಅಂತ. ಮೂವತ್ತು ವರ್ಷವಾಯಿತು. ನನಗೆ ಐವತ್ತು ತುಂಬಿತು. ರೈಲುಹಳಿಯ ಪಕ್ಕದ ಗೋಧಿ ಕಣಜಕ್ಕಿಂತ ಎತ್ತರದ್ದು ಏನನ್ನೂ ನಾನು ಕಂಡಿಲ್ಲ. ಆ ಮಾತನ್ನು ಇವತ್ತು ನೆನಪಿಸಿದೆ. "ಸುಗ್ಗಿ ಮುಗೀಲಿ, ನೋಡೋಣ" ಅಂದರು. ಇಲ್ಲ ಅನ್ನಲಿಲ್ಲ.

ಬೆಟ್ಟ ನೋಡುವ ಚಪಲ ನನಗೆಷ್ಟಿದೆ ಅಂತ ನಿನಗೆ ಗೊತ್ತು. ಆ ಬೆಟ್ಟದ ಆಚೆ ಬದಿಯಲ್ಲಿ ನನ್ನ ಮಗಳು ರೋಸಿನಾ ಇದ್ದಾಳೆ. ಅವಳು ನಮ್ಮ ಕಥೋಲಿಕ ಸಭೆ ಬಿಟ್ಟು, ಲೂಥರನ ಕಡೆಯ ಆ ನಾರ್ವೆ ಹುಡುಗ ಹಾಲ್ವೋರನನ್ನು ಅವರ ಇಗರ್ಜಿಯಲ್ಲಿ ಮದುವೆಯಾದಳು ಅಂತ ಸುದ್ದಿ ಬಂದ ದಿನ ನೀನೂ ನಮ್ಮ ಊಟದ ಮೇಜಿನಲ್ಲಿದ್ದೆ. ನಿನ್ನ ಭಾವ ರೊಟ್ಟಿಯ ಮೇಲೆ ಕೈಯಿಟ್ಟು, "ಆ ಮನೆ ಹೊಸ್ತಿಲು ನಾನು ತುಳಿಯಲ್ಲ" ಅಂದದ್ದನ್ನು ನೀನೂ ಕೇಳಿದ್ದೀಯ. ನಾಲ್ಕು ವರ್ಷದಿಂದ ಆ ಹೆಸರು ಈ ಮನೆಯಲ್ಲಿ ಎತ್ತಿಲ್ಲ. ಆದರೂ ನಾವಿಬ್ಬರು ಒಬ್ಬರನ್ನೊಬ್ಬರು ಕರೆಯುವುದು ಈಗಲೂ ಅಪ್ಪ, ಅಮ್ಮ ಅಂತಲೇ. ಯಾರ ಅಪ್ಪ, ಯಾರ ಅಮ್ಮ ಅಂತ ಕೇಳಿದರೆ ಇಬ್ಬರೂ ಉತ್ತರ ಹೇಳುವುದಿಲ್ಲ.

ನಾನು ಅವಳಿಗೆ ಬರೆಯುತ್ತಲೇ ಇದ್ದೇನೆ. ಒಂದಕ್ಕೂ ಉತ್ತರವಿಲ್ಲ. ನಿನಗೆ ಬರೆಯುತ್ತಾಳಾ? ಮುಚ್ಚಿಡಬೇಡ.

ನಿನ್ನ ಅಕ್ಕ
ಮಗ್ದಲೇನಾ


ಬಿಸ್ಮಾರ್ಕ್
17 ಮಾರ್ಚ್ 1957

ಅಕ್ಕಾ,

ಬರೆಯುತ್ತಾಳೆ. ನಿನಗೆ ಹೇಳದೆ ಇದ್ದದ್ದಕ್ಕೆ ಬೈಯುವುದಿದ್ದರೆ ಉಪವಾಸ ಮುಗಿದ ಮೇಲೆ ಬೈ, ಹೊಟ್ಟೆಯಲ್ಲಿ ಬಲ ಇರುತ್ತದೆ.

ಅವಳು ಆರೋಗ್ಯವಾಗಿದ್ದಾಳೆ. ಹಾಲ್ವೋರ್ ಮರ ಕೊಯ್ಯುವ ಮಿಲ್ಲಿನಲ್ಲಿದ್ದಾನೆ. ಊರು ನೀನು ಕಾಗದ ಹಾಕುವ ಅದೇ ಟ್ಯಾಮರಾಕ್. ನಿನಗೆ ಯಾಕೆ ಉತ್ತರ ಬರೆಯುವುದಿಲ್ಲ ಅಂತ ನಾನೇ ಕೇಳಿದ್ದೆ. ಅವಳು ಬರೆದದ್ದನ್ನು ಹಾಗೇ ಹಾಕುತ್ತೇನೆ, ನೊಂದುಕೊಳ್ಳಬೇಡ: "ಅಮ್ಮ ಅಪ್ಪನಿಗೆ ಗೊತ್ತಾಗದ ಹಾಗೆ ಕದ್ದು ಬರೆಯುತ್ತಾಳೆ. ನಾನು ಕಳ್ಳಮಾಲು ಅಲ್ಲ ಚಿಕ್ಕಮ್ಮ. ಅಪ್ಪ ನನ್ನ ಮನೆಯವರೆಗೆ ಬರಲಿ, ಮಾತಾಡುತ್ತೇನೆ. ಅಲ್ಲಿಯ ತನಕ ನನಗೆ ಬರೆಯುವುದಕ್ಕೆ ಏನೂ ಇಲ್ಲ."

ಆ ಹಟ ಯಾರದು ಅಂತ ನಾನು ಹೇಳಬೇಕಾ? ಭಾವನ ಗದ್ದದ ಜೊತೆಗೆ ಹಟವನ್ನೂ ತೆಗೆದುಕೊಂಡು ಹುಟ್ಟಿದ್ದಾಳೆ. ಅವರು ಹೊಸ್ತಿಲು ತುಳಿಯಲ್ಲ, ಇವಳು ಅವರು ಬರದೆ ಬಾಯಿ ಬಿಡಲ್ಲ. ನಡುವೆ ನೀನು.

ಸುಮ್ಮನೆ ಬೆಟ್ಟ ನೋಡಲು ಹೊರಡು. ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲವನ್ನೂ ಗಂಡನಿಗೆ ಹೇಳಬೇಕಿಲ್ಲ. ನಾನು ಬಂದು ನಿನ್ನ ಹಸುಗಳನ್ನು ನೋಡಿಕೊಳ್ಳುತ್ತೇನೆ. ವಿಧವೆಗೆ ಊರು ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ, ಅಷ್ಟು ಸುಖ ಇದೆ.

ಒಟೀಲಿಯಾ


ಕಾರ್ಲ್ಸ್‌ಟಾಲ್
28 ಆಗಸ್ಟ್ 1957

ಪ್ರೀತಿಯ ಒಟೀಲಿಯಾ,

ಯೇಸುವಿಗೆ ಸ್ತುತಿಯಾಗಲಿ. ಗೋಧಿ ಒಳಗೆ ಬಂತು. ಒಳ್ಳೆಯ ವರ್ಷ. ಹೊರಡುವುದು ಖಚಿತವಾಯಿತು. ಸೆಪ್ಟೆಂಬರ್ ಹದಿನಾರರ ಸೋಮವಾರ ಹೊರಟು, ಆಲೂಗಡ್ಡೆ ಅಗೆಯುವ ಹೊತ್ತಿಗೆ ಮನೆಯಲ್ಲಿರಬೇಕು ಅಂತ ಇವರ ಕರಾರು. ನೀನು ಹದಿನೈದಕ್ಕೇ ಬಾ.

ಇನ್ನೊಂದು ವಿಷಯ. ರಜಾಯಿ ಹೊಲಿದು ಮುಗಿಸಿದ್ದೇನೆ. ನಮ್ಮ ಅಮ್ಮ ನಿನಗೂ ನನಗೂ ಕೊಟ್ಟ ಹಾಗೆಯೇ, ಹೆಬ್ಬಾತಿನ ಎದೆಯ ಮೆತ್ತನೆಯ ಪುಕ್ಕ ತುಂಬಿದ್ದು. ಮಗಳ ಮದುವೆಗೆ ತಾಯಿ ಕೊಡಬೇಕಾದದ್ದನ್ನು ನಾಲ್ಕು ವರ್ಷ ತಡವಾಗಿ ಕೊಡುತ್ತಿದ್ದೇನೆ. ಪುಕ್ಕ ಕೀಳುವಾಗ ಬಾತುಗಳ ಕಾಲು ಹಿಡಿದುಕೊಂಡವರು ನಿನ್ನ ಭಾವನೇ. "ದಿಂಬು ಹಳೆಯದಾಗಿದೆ, ದಿಂಬಿಗೆ" ಅಂದೆ. ಅಷ್ಟೊಂದು ಪುಕ್ಕ ದಿಂಬಿಗಾ ಅಂತ ಕೇಳಲಿಲ್ಲ. ಬಾತು ಕೈ ಕಚ್ಚುತ್ತಿತ್ತು, ಅದಕ್ಕೆ ಬೈಯುವುದರಲ್ಲೇ ಇದ್ದರು.

ಈಗ ಅದನ್ನು ಕಾರಿನಲ್ಲಿ ಇಡುವುದು ಹೇಗೆ? ಮಡಿಸಿದರೂ ಕರುವಿನಷ್ಟು ದಪ್ಪ. ಬೆಟ್ಟದಲ್ಲಿ ಚಳಿ ಇರುತ್ತದೆ, ಹೊದೆಯಲು ಬೇಕು ಅಂತ ಹೇಳಿದ್ದೇನೆ. "ಬೆಟ್ಟದೋರು ಹೊದ್ಕೊಳ್ಳಲ್ವಾ? ಅವರ ಹತ್ರ ಇರಲ್ವಾ?" ಅಂದರು. "ಅವರದು ಅವರಿಗೆ" ಅಂದೆ.

ಕನ್ಯಾಮರಿಯಮ್ಮ ಸುಳ್ಳನ್ನು ಕ್ಷಮಿಸಲಿ. ಪಾಪನಿವೇದನೆಗೆ ವಾಪಸು ಬಂದ ಮೇಲೆ ಹೋಗುತ್ತೇನೆ, ಎಲ್ಲವನ್ನೂ ಒಟ್ಟಿಗೇ ಹೇಳಿದರಾಯಿತು.

ಮಗ್ದಲೇನಾ


ಮೊಂಟಾನಾ, ಯಾವ ಊರೋ
ಬುಧವಾರ, 18 ಸೆಪ್ಟೆಂಬರ್ 1957

ಪ್ರೀತಿಯ ಒಟೀಲಿಯಾ,

ಈ ವಾರ ಋತು ಬದಲಾಗುವ ಉಪವಾಸ, ಬುಧ, ಶುಕ್ರ, ಶನಿ. ನಿನಗೂ ನೆನಪಿರಲಿ, ನನ್ನ ಕಪಾಟಿನ ಹಂದಿಯ ಸಾಸೇಜಿಗೆ ಕೈ ಹಾಕಬೇಡ. ಇಲ್ಲಿ ನನಗೆ ಬೆಳಗಿನ ಕೆಲಸ ಒಂದೂ ಇಲ್ಲ. ಹಾಲು ಕರೆಯದೆ ಕೈಬೆರಳು ಜೋಮು ಹಿಡಿದಿವೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಎಲ್ಲಿ ಕೂತು ಅಂದುಕೊಂಡೆ? ಕಾರಿನಲ್ಲಿ. ಕಾರು ಎಲ್ಲಿ ನಿಂತಿದೆ? ಗೋಧಿ ಕಣಜದ ಮುಂದೆ!

ಒಟೀಲಿಯಾ, ಈ ಮನುಷ್ಯನ ಜೊತೆ ಪ್ರಯಾಣ ಮಾಡುವುದಕ್ಕಿಂತ ಎತ್ತಿನ ಬಾಲ ಹಿಡಿದು ಹೋಗಬಹುದಿತ್ತು. ರೈಲುಹಳಿಯ ಪಕ್ಕ ಊರಿಗೊಂದು ಕಣಜ. ಒಂದು ಹಿಂದಕ್ಕೆ ಹೋಗುವ ಮೊದಲೇ ಮುಂದಿನದು ಬಯಲಿನ ತುದಿಯಲ್ಲಿ ಕಾಣುತ್ತದೆ. ಕಂಡ ಕೂಡಲೇ ಕಾರು ತಾನಾಗಿಯೇ ನಿಧಾನವಾಗುತ್ತದೆ. ಇಳಿಯುತ್ತಾರೆ, ನೆಲದಲ್ಲಿ ಚೆಲ್ಲಿದ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿಯುತ್ತಾರೆ, ಕಣಜದವನನ್ನು ಹುಡುಕುತ್ತಾರೆ. "ಎಕ್ರೆಗೆ ಎಷ್ಟು ಬಂತು? ತುಕ್ಕುರೋಗ ಬಿತ್ತಾ? ಮಳೆ ಯಾವಾಗ ಆಯ್ತು?" ಅವನೂ ಇವರ ಹಾಗೆಯೇ. ಇಬ್ಬರೂ ಗೋಡೆಗೆ ಒರಗಿ ಸೂರ್ಯಕಾಂತಿ ಬೀಜ ಸುಲಿಯುತ್ತ ಸಿಪ್ಪೆ ಉಗಿಯುತ್ತ ನಿಂತರೆ ಬಿಸಿಲು ಇಳಿಯುವುದೇ ಗೊತ್ತಾಗುವುದಿಲ್ಲ.

"ಅಪ್ಪಾ, ನಾವು ಬೆಟ್ಟ ನೋಡೋಕೆ ಹೊರಟಿದ್ದು" ಅಂದೆ.

"ಬೆಟ್ಟ ಎಲ್ಲಿ ಹೋಗುತ್ತೆ ಅಮ್ಮಾ? ಗೋಧಿಯಾದ್ರೆ ರೈಲು ಹತ್ತಿ ಹೋಗುತ್ತೆ."

ಮಧ್ಯಾಹ್ನ ಊಟದ ಅಂಗಡಿಯಲ್ಲಿ ಮಾಂಸದ ತುಂಡು ಹೇಳಲು ಹೊರಟರು. ಉಪವಾಸ ಅಂದೆ.

"ಪ್ರಯಾಣದಲ್ಲಿರೋರಿಗೆ ಉಪವಾಸ ಇಲ್ಲ ಅಂತ ಪಾದ್ರಿಗಳು ಹೇಳಿದಾರೆ."

"ಯಾವ ಪಾದ್ರಿ?"

"ಎಲ್ಲಾ ಪಾದ್ರಿಗಳೂ."

"ನಾವು ಪ್ರಯಾಣ ಎಲ್ಲಿ ಮಾಡ್ತಿದೀವಿ? ನಿಂತೇ ಇದೀವಲ್ಲ!" ಅಂದೆ. ಬಡಿಸುವ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೊಟ್ಟೆ ತಿಂದರು, ಮುಖ ಗಂಟು ಹಾಕಿಕೊಂಡು.

ನೋಡುವುದಕ್ಕೆ ಏನೂ ಇಲ್ಲ ಅಂತಲ್ಲ. ನೆಲ ಅಲೆಯಲೆಯಾಗಿ ಎದ್ದು ಬೀಳುತ್ತದೆ, ಕೊಯ್ದ ಹೊಲಗಳು ಒಂದು ಪಟ್ಟಿ ಹಳದಿ, ಒಂದು ಪಟ್ಟಿ ಕಪ್ಪು. ಜಿಂಕೆಗಳ ಹಿಂಡು ಬೇಲಿಯ ಕೆಳಗೆ ನುಸುಳಿ ಓಡಿತು. ಆಕಾಶ ನಮ್ಮದಕ್ಕಿಂತಲೂ ದೊಡ್ಡದು. ಅದರ ಕೆಳಗೆ ನಾನು ಕಾರಿನಲ್ಲಿ ಒಬ್ಬಳೇ ಕೂತು ಜಪಸರ ಎಣಿಸುತ್ತೇನೆ. ಹಿಂದಿನ ಸೀಟಿನಲ್ಲಿ ರಜಾಯಿ ಮೂರನೆಯವರ ಹಾಗೆ ಕೂತಿದೆ.

ಇವರು ಬೇಕಂತಲೇ ತಡಮಾಡುತ್ತಿದ್ದಾರೆ ಅಂತ ನನ್ನ ಅನುಮಾನ. ಟ್ಯಾಮರಾಕ್ ಅನ್ನುವ ಹೆಸರು ನಾನು ಎತ್ತಿಲ್ಲ, ಇವರೂ ಎತ್ತಿಲ್ಲ. ನಕ್ಷೆ ನನ್ನ ಮಡಿಲಲ್ಲೇ ಇದೆ. ಆ ಊರಿನ ಮೇಲೆ ನನ್ನ ಹೆಬ್ಬೆರಳು ಇಟ್ಟೇ ಮಡಿಸುತ್ತೇನೆ.

ಬರುತ್ತಿದ್ದಾರೆ. ಕಣಜದವನು ಇವರಿಗೆ ಒಂದು ಹಿಡಿ ಗೋಧಿ ಕೊಟ್ಟಿದ್ದಾನೆ. ಮನೆಯಲ್ಲಿ ಇಲ್ಲ ಪಾಪ.

ಮಗ್ದಲೇನಾ


ಬೆಟ್ಟದ ಕೆರೆಯ ಬಳಿ
ಶುಕ್ರವಾರ, 20 ಸೆಪ್ಟೆಂಬರ್ 1957

ಒಟೀಲಿಯಾ,

ಯೇಸುವಿಗೆ ಸ್ತುತಿಯಾಗಲಿ. ಇವತ್ತು ಉಪವಾಸ. ಕರಿ ಕಾಫಿ ಕುಡಿದಿದ್ದೇನೆ. ಇವತ್ತು ನನಗೆ ಹಸಿವಿಲ್ಲ, ಸಿಟ್ಟಿದೆ.

ನಿನ್ನೆ ಬೆಟ್ಟ ಕಂಡಿತು. ಬಯಲಿನ ತುದಿಯಲ್ಲಿ ನೀಲಿ ಗೆರೆ. "ಅಪ್ಪಾ, ಬೆಟ್ಟ!" ಅಂದೆ. "ಮೋಡ" ಅಂದರು. ಹತ್ತಿರವಾಗುತ್ತ ಹೋದ ಹಾಗೆ ಅದಕ್ಕೆ ಹಲ್ಲು ಮೂಡಿದವು, ಹಲ್ಲಿನ ಮೇಲೆ ಹಿಮ ಕಂಡಿತು. ಆಗಲೂ "ಮೋಡ" ಅಂತಲೇ ಅಂದರು. ಬುಡಕ್ಕೆ ಬಂದು ತಲೆಯೆತ್ತಿ ಕುತ್ತಿಗೆ ನೋವು ಬಂದ ಮೇಲೆ, "ಸರಿ ಬೆಟ್ಟಾನೇ ಇರಬಹುದು" ಅಂದರು.

ಕೆಂಪು, ಹಸಿರು ಕಲ್ಲು ಪದರ ಪದರವಾಗಿ ಆಕಾಶದವರೆಗೆ. ಕೆಳಗೆ ಕೆರೆ, ಅಲುಗಾಡದ ನೀರು, ಅದರಲ್ಲಿ ಇನ್ನೊಂದು ಬೆಟ್ಟ ತಲೆಕೆಳಗಾಗಿ. ನಾನು ಶಿಲುಬೆಯ ಗುರುತು ಮಾಡಿಕೊಂಡೆ. ನಿನ್ನ ಭಾವ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇಲ್ಲಿ ಏನು ಬೆಳೆಯುತ್ತೆ?"

"ಏನೂ ಬೆಳೆಯಲ್ಲ."

"ಮತ್ತೆ ಯಾಕಿದೆ ಇದು?"

"ದೇವರನ್ನ ಕೇಳಿ."

"ಅವನೂ ಕಲ್ಲು ಆರಿಸಿ ಎಲ್ಲಿ ಹಾಕೋದು ಅಂತ ತಿಳೀದೆ ಇಲ್ಲಿ ಹಾಕಿರಬೇಕು, ನಮ್ಮಪ್ಪ ಹೊಲದ ಮೂಲೇಲಿ ಹಾಕಿದ ಹಾಗೆ" ಅಂದರು. ಒಂದು ಗಳಿಗೆ ನಗು ಬಂತು. ಅಷ್ಟೇ, ಆಮೇಲೆ ನಗಲಿಲ್ಲ.

ಉಳಿದುಕೊಳ್ಳಲು ಮರದ ಗುಡಿಸಲು ಬಾಡಿಗೆಗೆ ಸಿಕ್ಕಿತು. ಕೊಟ್ಟ ಕಂಬಳಿ ತೆಳ್ಳಗೆ, ಒಲೆ ಉರಿಯುವುದಕ್ಕಿಂತ ಹೊಗೆಯುವುದೇ ಜಾಸ್ತಿ. ಸಂಜೆಗೇ ಹಲ್ಲು ಕಟಕಟ ಶುರುವಾಯಿತು. "ತಾ ನಿನ್ನ ರಜಾಯಿ" ಅಂದರು.

ನಾನೇನು ಮಾಡಲಿ? ಮದುಮಗಳಿಗೆ ಮುಂಚೆ ಅದನ್ನು ಇನ್ನೊಬ್ಬರು ಹೊದೆಯುವ ಹಾಗಿಲ್ಲ ಅಂತ ನಿನಗೆ ಗೊತ್ತು. "ಹೊಸದು, ಪುಕ್ಕದ ವಾಸನೆ ಹೋಗಿಲ್ಲ, ಬಿಸಿಲು ಕಾಣಿಸಬೇಕು" ಅಂದೆ.

"ಚಳೀಗೆ ಅಂತ ತಂದೆ, ಚಳಿ ಬಂದಾಗ ಬಿಸಿಲು ಬೇಕು ಅಂತೀಯ!"

"ನಿಮಗೆ ಸೀನು ಬರುತ್ತೆ."

"ಸೀನಿದ್ರೆ ಮೈ ಬಿಸಿಯಾಗುತ್ತೆ, ತಾ."

ತರಲಿಲ್ಲ. ಇಬ್ಬರೂ ಇದ್ದಬದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡೆವು. ಇವರು ಇಗರ್ಜಿಗೆ ಹಾಕುವ ಕೋಟಿನ ಮೇಲೆ ಕೊಟ್ಟಿಗೆಯ ಮೇಲಂಗಿ ತೊಟ್ಟು, ಟೋಪಿ ಹಾಕಿಕೊಂಡೇ ಮಲಗಿದರು. ಬಾಗಿಲ ಹೊರಗೆ ಕಾರಿನಲ್ಲಿ ರಜಾಯಿ ರಾಣಿಯ ಹಾಗೆ ಬೆಚ್ಚಗೆ ಕೂತಿತ್ತು. ಇಂಥ ಮೂರ್ಖರನ್ನು ಎಲ್ಲಿಯಾದರೂ ಕಂಡಿದ್ದೀಯಾ?

ಇದೂ ಹೋಗಲಿ ಅನ್ನಬಹುದಿತ್ತು. ಬೆಳಿಗ್ಗೆ ನೋಡಿದರೆ ಹಿಮ! ಸೆಪ್ಟೆಂಬರಿನಲ್ಲಿ. ಮೇಲಿನ ಕಣಿವೆ ದಾಟಿ ಆಚೆ ಬದಿಗೆ ಹೋಗುವ ರಸ್ತೆಗೆ ಅಡ್ಡಗಂಬ ಹಾಕಿದ್ದಾರೆ. ಕಾವಲಿನವನು ಕೈ ಉಜ್ಜಿಕೊಳ್ಳುತ್ತ, "ಈ ವರ್ಷ ಇನ್ನು ತೆಗೆಯೋದು ಅನುಮಾನ. ಮುಂದಿನ ಬೇಸಿಗೆಗೆ ಬನ್ನಿ ತಾಯಿ" ಅಂದ. ಮೂವತ್ತು ವರ್ಷ ಕಾದವಳಿಗೆ ಮುಂದಿನ ಬೇಸಿಗೆ ಅನ್ನುತ್ತಾನೆ.

ಒಂದು ದಿನ, ಒಟೀಲಿಯಾ. ಒಂದು ದಿನ ಮುಂಚೆ ಬಂದಿದ್ದರೆ ದಾಟುತ್ತಿದ್ದೆವು. ಆ ದಿನವನ್ನು ಕಣಜಗಳು ನುಂಗಿದವು.

ಇವರು ಅಡ್ಡಗಂಬವನ್ನು ನೋಡಿದರು, ಹಿಮ ನೋಡಿದರು. "ಸರಿ. ಬೆಟ್ಟ ನೋಡಿದ್ವಲ್ಲ. ಹೊರಡೋಣ" ಅಂದರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಆಲೂಗಡ್ಡೆ ಕಾಯುತ್ತಿದೆಯಲ್ಲ. ಈಗ ಕಾರಿನ ಗಾಜಿನಿಂದ ಹಿಮ ಕೆರೆಯುತ್ತಿದ್ದಾರೆ, ಸಿಳ್ಳೆ ಬೇರೆ. ಮನೆಯವರೆಗೆ ಇವರ ಜೊತೆ ಒಂದು ಮಾತೂ ಆಡುವುದಿಲ್ಲ ಅಂತ ಸಂತ ಅನ್ನಮ್ಮನಿಗೆ ಹೇಳಿಕೊಂಡಿದ್ದೇನೆ.

ಭಾನುವಾರಕ್ಕೋ ಸೋಮವಾರಕ್ಕೋ ಬರುತ್ತೇವೆ. ಬಂದಾಗ ಏನೂ ಕೇಳಬೇಡ. ರಜಾಯಿಯನ್ನು ಮಾಳಿಗೆಗೆ ಹಾಕಲು ಜಾಗ ಮಾಡಿಡು.

ಮಗ್ದಲೇನಾ


ಟ್ಯಾಮರಾಕ್
ಶನಿವಾರ, 21 ಸೆಪ್ಟೆಂಬರ್ 1957

ಮಗಳೇ ರೋಸಿನಾ,

ಯೇಸುವಿಗೆ ಸ್ತುತಿಯಾಗಲಿ. ಇವತ್ತೂ ಉಪವಾಸ. ಕೆಲಸ ಏನೂ ಇಲ್ಲ, ಹಾಸಿಗೆ ಸರಿಮಾಡಿದೆ, ಅಷ್ಟೇ. ನಾನು ಎಲ್ಲಿ ಕೂತು ಬರೆಯುತ್ತಿದ್ದೇನೆ ಅಂತ ಮೇಲೆ ನೋಡು. ಹೊಳೆಯ ಪಕ್ಕ, ಬಾಡಿಗೆ ಕೋಣೆಗಳ ಮನೆ ಇದೆಯಲ್ಲ, ಅಲ್ಲಿ. ನಿನ್ನ ಮನೆಯ ಹೊಗೆಕೊಳವೆ ಇಲ್ಲಿಂದ ಕಾಣುತ್ತದೆ ಅಂತ ಯಜಮಾನಿ ತೋರಿಸಿದಳು. ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದೇನೆ.

ಇದು ಕದ್ದು ಬರೆದ ಕಾಗದವಲ್ಲ. ನಿಮ್ಮಪ್ಪ ಎದುರಿಗೇ ಕೂತಿದ್ದಾರೆ.

ನಿನ್ನೆ ಬೆಳಿಗ್ಗೆ ಮೇಲಿನ ರಸ್ತೆ ಹಿಮದಿಂದ ಮುಚ್ಚಿತ್ತು. ಇವರು ಕಾರು ತಿರುಗಿಸಿದರು. ಮನೆಗೆ ಅಂದುಕೊಂಡೆ. ನಾನು ಸಿಟ್ಟಿನಲ್ಲಿ ಕಣ್ಣುಮುಚ್ಚಿ ಜಪಸರ ಹಿಡಿದು ಕೂತವಳು, ಕಿಟಕಿಯ ಕಡೆ ತಿರುಗಲಿಲ್ಲ. ಬಯಲಿನಲ್ಲಾದರೆ ಕಣ್ಣು ಮುಚ್ಚಿದರೂ ನನಗೆ ದಿಕ್ಕು ತಿಳಿಯುತ್ತದೆ. ಇಲ್ಲಿ ಸೂರ್ಯನೂ ಇರಲಿಲ್ಲ, ರಸ್ತೆಯೂ ಹಾವಿನ ಹಾಗೆ ಹೊರಳುತ್ತಿತ್ತು. ಸಂಜೆಯ ಹೊತ್ತಿಗೆ ಒಂದು ಕಡೆ ಕಾರು ನಿಂತಿತು. ಇಲ್ಲೂ ಕಣಜವಾ ಅಂತ ಕಣ್ಣು ಬಿಟ್ಟರೆ, ಹೊಳೆ.

"ಅಮ್ಮಾ, ನೀರು ಯಾವ ಕಡೆ ಹೋಗ್ತಿದೆ ನೋಡು" ಅಂದರು.

ನಾನು ಜಪಸರದ ಮುಂದಿನ ಮಣಿ ಹಿಡಿದೆ.

"ನಮ್ಮ ಕಡೆ ಹೊಳೆಗಳು ಮೂಡಣಕ್ಕೆ ಹೋಗೋದು. ಇದು ಪಡುವಣಕ್ಕೆ ಹೋಗ್ತಿದೆ."

ತೆಂಕಣ ದಿಕ್ಕಿನ ಇನ್ನೊಂದು ಕಣಿವೆಯಿಂದ, ದಿನವಿಡೀ ಸುತ್ತಿ ಬೆಟ್ಟ ದಾಟಿಸಿದ್ದರು. ನಕ್ಷೆಯಲ್ಲಿ ನನ್ನ ಹೆಬ್ಬೆರಳು ಯಾವ ಊರಿನ ಮೇಲಿತ್ತು ಅಂತ ಮೊದಲೇ ನೋಡಿದ್ದರಂತೆ. ನಾನು ಒಂದೂ ಬೆಟ್ಟ ನೋಡದೆ ಎಲ್ಲ ಬೆಟ್ಟವನ್ನೂ ದಾಟಿದ್ದೆ. ಮನೆಯವರೆಗೆ ಮಾತಾಡುವುದಿಲ್ಲ ಅಂತ ಸಂತ ಅನ್ನಮ್ಮನಿಗೆ ಕೊಟ್ಟ ಮಾತು ಅಲ್ಲಿಗೇ ಮುರಿಯಿತು. ಬಾಯಿಗೆ ಬಂದ ಹಾಗೆ ಬೈದೆ. ಮೊದಲೇ ಹೇಳಬಾರದಿತ್ತಾ, ದಾರಿಯುದ್ದಕ್ಕೂ ಕಣಜ ಕಣಜ ಅಂತ ಯಾಕೆ ಸಾಯಿಸಿದಿರಿ ಅಂತ. ಇವರು ಹೊಳೆಯನ್ನೇ ನೋಡುತ್ತಿದ್ದರು. "ಬೇಗ ಬಂದು ಏನು ಹೇಳೋದು ಅಂತ ಇನ್ನೂ ಸಿಕ್ಕಿರಲಿಲ್ಲ" ಅಂದರು. "ಈಗ ಸಿಕ್ತಾ?" ಅಂದೆ. "ಇಲ್ಲ" ಅಂದರು.

ಆಮೇಲೆ ನಾನೇ ರಜಾಯಿಯ ಮಾತು ತೆಗೆದೆ. ನಿನ್ನದು ಅದು. ನಾಲ್ಕು ವರ್ಷದ ಹಿಂದೆ ಬರಬೇಕಾಗಿತ್ತು. "ಚಳಿಗೆ ಅಂತ ಸುಳ್ಳು ಹೇಳಿದ್ದೆ" ಅಂದೆ. ಇವರು ನನ್ನ ಕಡೆ ಹೇಗೆ ನೋಡಿದರು ಅಂತೀಯ!

"ಬಾತು ಹಿಡ್ಕೊಂಡೋನು ಯಾರು? ಅಷ್ಟೂ ಬಾತು ಕಚ್ಚಿದ್ದು ಯಾರ ಕೈ? ಯಾರಿಗೆ ಅಂತ ಗೊತ್ತಿಲ್ದೇ ಕಚ್ಚಿಸ್ಕೊಂಡ್ನಾ?"

"ಮತ್ತೆ ಗುಡಿಸಲಲ್ಲಿ ತಾ ತಾ ಅಂದ್ರಿ?"

"ಯಾರದು ಅಂತ ನಿನ್ನ ಬಾಯಿಂದ ಬರುತ್ತೇನೋ ಅಂತ. ಬರಲಿಲ್ಲ. ಇಬ್ಬರೂ ನಡುಗಿದ್ವಿ."

ಇದನ್ನೆಲ್ಲ ಬರೆಯುತ್ತಿದ್ದೇನೆ ಅಂತ ಹೇಳಿದಾಗ, "ಬಾತಿನ ವಿಷಯ ಹಾಕಬೇಡ" ಅಂದರು. ಹಾಕಿದ್ದೇನೆ.

ಈಗ ಮುಖ್ಯವಾದದ್ದು. ನಿಮ್ಮಪ್ಪ ರೊಟ್ಟಿಯ ಮೇಲೆ ಕೈಯಿಟ್ಟು ಮಾಡಿದ ಆಣೆ ನಿನಗೆ ಗೊತ್ತಿದೆ. ಅದನ್ನು ಮುರಿಯಿರಿ ಅಂತ ನಾನು ಹೇಳಲಾರೆ, ಇವರೂ ಮುರಿಯಲಾರರು. ಬೆಳಿಗ್ಗೆ ಎರಡು ಸಲ ಗಡ್ಡ ಬೋಳಿಸಿಕೊಂಡರು. ಹಾಕಿಕೊಂಡೇ ಮಲಗಿ ಮುದುಡಿದ ಕೋಟನ್ನು ಯಜಮಾನಿಯ ಇಸ್ತ್ರಿಪೆಟ್ಟಿಗೆ ಕೇಳಿ ಇಸ್ಕೊಂಡು ತಾವೇ ಉಜ್ಜಿದರು, ತೋಳಿನ ಮೇಲೆ ಸ್ವಲ್ಪ ಸುಟ್ಟಿದ್ದಾರೆ, ನೋಡಿದರೂ ನೋಡದ ಹಾಗಿರು. ಆಮೇಲೆ ಅದನ್ನು ತೊಟ್ಟುಕೊಳ್ಳುತ್ತ, "ಹೊಸ್ತಿಲು ಅಂತ ಆಣೆ ಮಾಡಿದ್ದೆ. ಗೇಟು ಅಂತ ಹೇಳಿರಲಿಲ್ಲ" ಅಂದರು.

ಅದಕ್ಕೆ ಈ ಕಾಗದವನ್ನು ಇವರೇ ತರುತ್ತಿದ್ದಾರೆ. ರಜಾಯಿಯನ್ನೂ ಹೆಗಲ ಮೇಲೆ ಹೊತ್ತುಕೊಂಡು ಬರುತ್ತಾರಂತೆ, ಊರಿಡೀ ನೋಡಿದರೂ ಚಿಂತೆಯಿಲ್ಲವಂತೆ. ಕೋಟಿನ ಜೇಬಿನಲ್ಲಿ ಗೋಧಿ ಇದೆ. ದಾರಿಯ ಕಣಜಗಳದ್ದಲ್ಲ, ನಮ್ಮ ಹೊಲದ್ದು, ಮನೆಯಿಂದಲೇ ತಂದದ್ದು ಅಂತ ನನಗೆ ಇವತ್ತು ತಿಳಿಯಿತು. ಚಿಕ್ಕವಳಿದ್ದಾಗ ಕಣಜಕ್ಕೆ ಹೋಗುವ ಗಾಡಿಯಲ್ಲಿ ಇವರ ಪಕ್ಕ ಕೂತು ಕಾಳು ಅಗಿದು ಅಂಟು ಮಾಡುತ್ತಿದ್ದೆಯಲ್ಲ. ಯಾಕೆ ತಂದಿರಿ ಅಂತ ನಾನು ಕೇಳಿಲ್ಲ. ನೀನೂ ಕೇಳಬೇಡ.

ನಾನು ಇಲ್ಲೇ ಕಿಟಕಿಯ ಹತ್ತಿರ ಇರುತ್ತೇನೆ. ನೀನು ಅವಸರ ಮಾಡಬೇಡ, ಯೋಚಿಸಿಯೇ ಬರೆ. ಬಾ ಅಂದರೂ ಸರಿ, ಬೇಡ ಅಂದರೂ ಸರಿ, ಆದರೆ ಅಂಚೆಗೆ ಹಾಕಬೇಡ. ನಿಮ್ಮಪ್ಪ ಗೇಟಿನ ಹೊರಗೆ ನಿಂತಿರುತ್ತಾರೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕಾಫಿ ಕೊಟ್ಟರೆ ಅಲ್ಲೇ ನಿಂತು ಕುಡಿಯುತ್ತಾರೆ. ನಿನ್ನ ಉತ್ತರವನ್ನು ಅವರ ಕೈಯಲ್ಲೇ ಕೊಡು, ಅವರೇ ನನಗೆ ತಂದು ಕೊಡಲಿ.

ನಿನ್ನ
ಅಮ್ಮ